ಮೂರನೇ ಬಾಗಿಲು

ಹಟ್ಟಿ ಕ್ಯಾಂಪಿನಲ್ಲಿ ಹುಸೇನಪ್ಪನ ಸೈಕಲ್ ಅಂಗಡಿ.
ಅದರ ಹಿಂದೆ, ಗೋಣಿಪರದೆ ಸರಿಸಿದರೆ, ಟೀವಿ.
ಎರಡು ರಿಮೋಟು; ಒಂದಕ್ಕೆ ಟ್ಯೂಬಿನ ರಬ್ಬರು ಸುತ್ತಿತ್ತು.
ರೂಪಾಯಿಗೆ ಹತ್ತು ನಿಮಿಷ.
ಸೈರನ್ನು ಕೂಗಿದರೆ ಎರಡನೇ ಪಾಳಿ:
ಅಪ್ಪ ಕೇಜಿನಲ್ಲಿ ನಿಂತು ನೆಲದೊಳಕ್ಕೆ ಇಳಿಯುತ್ತಿದ್ದ,
ಯಂಕೋಬ ಮತ್ತು ನಾನು ಟೀವಿಯೊಳಕ್ಕೆ.
ಅಲ್ಲಿ ನಾನೊಬ್ಬಳೇ ಹುಡುಗಿ. ಯಾರೂ ಏನೂ ಅನ್ನುತ್ತಿರಲಿಲ್ಲ,
ಸೇತುವೆಯ ಬಾವಲಿಗಳನ್ನು ದಾಟಲು ನನಗೊಬ್ಬಳಿಗೇ ಬರುತ್ತಿತ್ತು.

ಹೈದರಾಬಾದಿನ ಕೋಠಿಯಿಂದ ತಂದ ಹಳದಿ ಕ್ಯಾಸೆಟ್ಟು,
ಒಳಗೆಲ್ಲ ಜಪಾನಿ ಅಕ್ಷರ.
ಕುಡುಗೋಲಿನಂಥದ್ದನ್ನು ಒತ್ತಿದರೆ ಕತ್ತಿ,
ಮುರಿದ ಏಣಿಯಂಥದ್ದು ಔಷಧಿ,
ಕಾಲು ಚಾಚಿ ಕೂತ ಅಜ್ಜಿಯಂಥದ್ದು
ಎಷ್ಟು ಒತ್ತಿದರೂ ಸುಮ್ಮನೆ ಕೂತೇ ಇರುತ್ತಿತ್ತು.
ಶಾಲೆಯ ಒತ್ತಕ್ಷರಕ್ಕಿಂತ ಇವೇ ನನಗೆ ಬೇಗ ಬಂದವು.

ಊರ ಅಗಸಿಯಲ್ಲಿ ಒಬ್ಬ ಬಿಳಿಗಡ್ಡದ ಮುದುಕ.
ಹತ್ತಿರ ಹೋದರೆ ನಾಲ್ಕು ಸಾಲು ಮಾತಾಡುತ್ತಿದ್ದ.
'ಏನಂತಾನ ಕಾಕಾ?'
ಚೈನಿಗೆ ಎಣ್ಣೆ ಬಿಡುತ್ತ, ಈ ಕಡೆ ತಿರುಗದೆ, ಹುಸೇನಪ್ಪ:
'ಮೂರನೇ ಮನಿ ಬಾಗಲಾ ತೆಗಿಬ್ಯಾಡ್ರಿ ಅಂತಾನ.
ಅವನ ಮಗಾ ಒಳಗ ಹೋಗ್ಯಾನ. ಹೊಳ್ಳಿ ಬಂದಿಲ್ಲ.'

ಮೂರು ವರ್ಷ ತೆಗೆಯಲಿಲ್ಲ.
ಹೆಬ್ಬೆಟ್ಟಿನ ಹುಸೇನಪ್ಪನಿಗೆ ಜಪಾನಿ ಎಲ್ಲಿಂದ ಬರಬೇಕು,
ಹೊಳೆಯಲೇ ಇಲ್ಲ ನಮಗೆ.
ಗಣಿಯ ಊರಲ್ಲಿ ಅಂಥ ಮಾತನ್ನು
ಯಾರೂ ಎರಡನೇ ಸಲ ಕೇಳುವುದಿಲ್ಲ.
ಸತ್ತರೆ ಮತ್ತೆ ಅದೇ ಅಗಸಿ, ಅದೇ ಮುದುಕ, ಅದೇ ಬಾವಲಿ.
ಏಳನೇ ಊರು ಕಂಡವರು ಹಟ್ಟಿಯಲ್ಲೇ ಇರಲಿಲ್ಲ.
ಯಂಕೋಬ ಆ ಬಾಗಿಲ ಮುಂದೆ ಹಾಯುವಾಗ
ಕೆಳಗಿನ ಗುಂಡಿ ಒಮ್ಮೆ, ಮೇಲಿನ ಗುಂಡಿ ಒಮ್ಮೆ ಒತ್ತಿ
ನಮ್ಮ ಹುಡುಗನಿಂದ ನಮಸ್ಕಾರ ಮಾಡಿಸುತ್ತಿದ್ದ.
ಹತ್ತು ನಿಮಿಷದಲ್ಲಿ ಅದಕ್ಕೂ ಟೈಮಿತ್ತು.

ಆಮೇಲೆ ಇಂಗ್ಲಿಷ್ ಕ್ಯಾಸೆಟ್ಟು ಬಂತು,
ಆಫೀಸರ್ಸ್ ಕಾಲನಿಯ ಪ್ರಫುಲ್ಲನ ಮಾವ ಅಮೆರಿಕೆಯಿಂದ ತಂದದ್ದು.
ಕೂಡಿಸಿ ಕೂಡಿಸಿ ಓದಿದೆವು.
ಮುದುಕನ ನಾಲ್ಕು ಸಾಲು 'ಹುಷಾರು' ಅನ್ನುವ ಒಂದೇ ಮಾತಾಗಿತ್ತು.
ಹೆಂಡದ ಗಡಿಗೆ ಹಾಲಿನ ಗಡಿಗೆ.
ಗೋರಿಗಳು ಹೋಗಿ ಬರೀ ಕಲ್ಲು.
ಐದು ಜೀವ ಇದ್ದದ್ದು ಮೂರು,
ಒಂದೇಟಿಗೆ ಬೀಳುತ್ತಿದ್ದ ಬಾವಲಿಗೆ ಎರಡೇಟು,
ಬಾಡಿಗೆಗೆ ಒಯ್ದವರು ಒಂದೇ ರಾತ್ರಿಗೆ ಮುಗಿಸಬಾರದಂತೆ,
ಪ್ರಫುಲ್ಲ ಹಾಗಂದ.
ಮೂರನೇ ಮನೆಗೆ ಬಾಗಿಲೇ ಇಲ್ಲ.
ನುಣ್ಣನೆ ಗೋಡೆ.
ಹಳೇ ಸುರಂಗದ ಬಾಯಿ ಕಟ್ಟುತ್ತಾರಲ್ಲ, ಹಾಗೆ.
ಯಂಕೋಬ ರಿಮೋಟು ಕೆಳಗಿಟ್ಟ.
'ಹುಡುಗ ಒಳಗ ಉಳದನಲೇ.'
ಪ್ರಫುಲ್ಲನಿಗೆ ಅರ್ಥವಾಗಲಿಲ್ಲ. ಅವನ ಅಮ್ಮ ಉಪ್ಪಿಟ್ಟು ಕೊಟ್ಟಳು.
ಆ ಮನೆಗೆ ನಾವು ಮತ್ತೆ ಹೋಗಲಿಲ್ಲ.

ಈಗ ಆ ಆಟ ಫೋನಿನೊಳಗೇ ಸಿಗುತ್ತದೆ, ಜಪಾನಿಯದು.
ಇನ್ನೊಂದು ಫೋನಿನ ಕ್ಯಾಮೆರಾ ಮೇಲೆ ಹಿಡಿದರೆ
ಅಕ್ಷರಗಳು ನಡುಗಿ, ಕರಗಿ, ಕನ್ನಡ ಏಳುತ್ತದೆ.
ಮೊನ್ನೆ ಮಗಳು ಮಲಗಿದ ಮೇಲೆ ಹಿಡಿದೆ. ಮುದುಕ ಅಂದ:
ಈ ವರ್ಷ ಚಳಿ ಹೆಚ್ಚು.
ನನ್ನ ಮೊಣಕಾಲು ನೋವು.
ಮೂರನೇ ಮನೆಯಲ್ಲಿ ಹಾಸಿಗೆ ಇದೆ.
ಮಲಗಿ ಎದ್ದು ಹೋಗು.

ತೆಗೆದೆ.
ಹಾಸಿಗೆ, ದೀಪ, ಮಡಚಿಟ್ಟ ಕಂಬಳಿ.
ಕಾಲು ಚಾಚಿ ಕೂತ ಅಜ್ಜಿ ಆ ಕೋಣೆಯಲ್ಲಿ ಮಾತ್ರ ಕೆಲಸ ಮಾಡುತ್ತಾಳೆ:
ಒತ್ತಿದರೆ, ಇಲ್ಲಿಯವರೆಗಿನ ದಾರಿ ನೆನಪಿಟ್ಟುಕೊಳ್ಳುತ್ತಾಳೆ.
ಸತ್ತರೂ ಅಲ್ಲಿಂದಲೇ ಏಳಬಹುದಿತ್ತು.
ಎಷ್ಟು ರೂಪಾಯಿ, ಹುಸೇನಪ್ಪ!
ಗಲ್ಲೆಯ ಲೆಕ್ಕ ನಿನಗೆ ತಿಳಿದಿತ್ತೋ,
ಸುಮ್ಮನೆ ಬಾಯಿಗೆ ಬಂದದ್ದೋ?
ಕೇಳೋಣವೆಂದರೆ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಮಸ್ಕಿಯಲ್ಲಿ ಜೆಸಿಬಿ ಓಡಿಸುವ ಯಂಕೋಬನಿಗೆ ಫೋನು ಮಾಡಿ
ನಾಲ್ಕೂ ಸಾಲು ಓದಿದೆ.
ಇಂಜಿನ್ ಆರಿಸಿ ಕೇಳಿಸಿಕೊಂಡ.
'ಮಗನ ಸುದ್ದಿ?'
ಇಲ್ಲ ಅಂದೆ.
'ಹಂಗಾರ ಅದು ಬ್ಯಾರೆ ಆಟ ಇರಬೇಕು ತಗಿ,' ಅಂದ.